ಗೆರೆ ಎಳೆಯುವ ಡಾಕ್ಟರು

2024ರ ಲೋಕಸಭಾ ಚುನಾವಣೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಬೆಂಗಳೂರು ಗ್ರಾಮಾಂತರದಿಂದ ಗೆದ್ದ ದಿನ ನಮ್ಮ ಡೊಂಬಿವಿಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಸಂಭ್ರಮ. ಪಕ್ಷ ಯಾವುದೇ ಇರಲಿ, ಇಂಥವರು ಬರಬೇಕು ಎಂದು ಎಲ್ಲರೂ ಬರೆದರು. ಒಬ್ಬರು ಬಂಗಾಳದ ಬಿ.ಸಿ. ರಾಯ್ ಅವರನ್ನು ನೆನೆದರು. ಇನ್ನೊಬ್ಬರು, ನಮ್ಮ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡೀನ್ ಆಗಿದ್ದು ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದ ಜೀವರಾಜ್ ಮೆಹ್ತಾ ಅವರ ಹೆಸರು ಹೇಳಿದರು. "ಡಾಕ್ಟರಿಗೆ ಜನರ ಕಷ್ಟ ಗೊತ್ತಿರ್ತದ್ರೀ" ಎಂದು ನಮ್ಮ ಹುಬ್ಬಳ್ಳಿ ಕಡೆಯವರೊಬ್ಬರು ಬರೆದರೆ, ಮತ್ತೊಬ್ಬರು ನೇರವಾಗಿ ನನ್ನ ಹೆಸರು ಹಾಕಿ, "ಡಾಕ್ಟ್ರೇ, ಮುಂದಿನ ಸಲ ಮಹಾನಗರಪಾಲಿಕೆಗೆ ನೀವೂ ನಿಲ್ಲಿ" ಎಂದರು. ಕೈಮುಗಿದ ಚಿತ್ರವೊಂದನ್ನು ಕಳಿಸಿ ನಾನು ಸುಮ್ಮನಾದೆ.

ಡಾಕ್ಟರಿಗೆ ಜನರ ಕಷ್ಟ ಗೊತ್ತಿರುತ್ತದೆ, ಸುಳ್ಳಲ್ಲ. ಆದರೆ ಮೂವತ್ತನಾಲ್ಕು ವರ್ಷ ಕ್ಲಿನಿಕ್ ನಡೆಸಿದ ಮೇಲೆ ನಾನು ಹೇಳಬಲ್ಲೆ, ನಮಗೆ ಗೊತ್ತಿರುವುದು ಎದುರಿನ ಸ್ಟೂಲಿನ ಮೇಲೆ ಕೂತವರ ಕಷ್ಟ. ಬಾಗಿಲ ತನಕ ಬಾರದೆ ಉಳಿದವರದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಶಿಕ್ಷಣವೂ ಹಾಗೇ: ಎದುರಿರುವ ಒಬ್ಬರಿಗಾಗಿ ಕೈಲಾದದ್ದೆಲ್ಲ ಮಾಡು. ಶಾಸನಸಭೆಯಲ್ಲಿ ಕೂತವರ ಕೆಲಸ ಇದಕ್ಕೆ ತಿರುಗುಮುರುಗು. ಅಲ್ಲಿ ಯಾರ ಮುಖವೂ ಕಾಣುವುದಿಲ್ಲ, ಲೆಕ್ಕ ಮಾತ್ರ ಕಾಣುತ್ತದೆ. ಈ ಎರಡೂ ಕುರ್ಚಿಗಳಲ್ಲಿ ಕೂತ ಒಬ್ಬ ಡಾಕ್ಟರನ ಕಥೆಯನ್ನು ನಾನು ಓದಿದ್ದು ಅಮೆರಿಕದಲ್ಲಿ.

2019ರ ಮಾರ್ಚ್‌ನಲ್ಲಿ ಮಗಳ ಬಾಣಂತನಕ್ಕೆಂದು ಒರೆಗನ್ ರಾಜ್ಯದ ಹಿಲ್ಸ್‌ಬರೋಗೆ ಹೋಗಿದ್ದೆ. ಪೋರ್ಟ್‌ಲೆಂಡ್ ಪಕ್ಕದ ಊರು. ಇಂಟೆಲ್ ಕಂಪನಿಯಿಂದಾಗಿ ಅಲ್ಲಿ ನಮ್ಮವರು ಸಾಕಷ್ಟು ಇದ್ದಾರೆ. ತರಕಾರಿ ಅಂಗಡಿಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಮೊಮ್ಮಗಳು ಹುಟ್ಟಿದ ಮೇಲೆ ಅಂಟಿನುಂಡೆ ಕಟ್ಟುವುದು, ಎಣ್ಣೆ ನೀರು ಹಾಕುವುದು ಎಲ್ಲ ಮುಗಿದರೂ ಹಗಲು ದೊಡ್ಡದು. ಊರಿನ ಲೈಬ್ರರಿಗೆ ನಡೆದುಕೊಂಡು ಹೋಗುತ್ತಿದ್ದೆ. ಒಂದು ಭಾನುವಾರ ಅಳಿಯ ರಾಜಧಾನಿ ತೋರಿಸಲು ಕರೆದೊಯ್ದ. ಅದರ ಹೆಸರು ಸೇಲಂ. "ಈ ಸೇಲಂನಲ್ಲಿ ಮಾವಿನಹಣ್ಣು ಸಿಗೂದಿಲ್ಲ ಅತ್ತೆ" ಎಂದು ನಗಿಸಿದ. ಬಿಳಿ ಅಮೃತಶಿಲೆಯ ಶಾಸನಭವನ, ಅದರ ನೆತ್ತಿಯ ಮೇಲೆ ಕೊಡಲಿ ಹಿಡಿದ ವಲಸಿಗನ ಚಿನ್ನದ ಬಣ್ಣದ ಮೂರ್ತಿ. ನಮ್ಮ ವಿಧಾನಸೌಧದ ಗಾಂಭೀರ್ಯ ಅದಕ್ಕಿಲ್ಲ, ಬಿಡಿ. ಆದರೆ ಅಲ್ಲಿ ಕೂತು ಹೋದ ಡಾಕ್ಟರುಗಳ ಬಗ್ಗೆ ಓದುವ ಚಟ ನನಗೆ ಹತ್ತಿದ್ದು ಆ ದಿನದಿಂದಲೇ.

ಒಂದು ವಿಷಯ ಹೇಳಿಬಿಡಬೇಕು. ಅಮೆರಿಕದಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ, ಜನರೇ ಆರಿಸುವ ಮುಖ್ಯಮಂತ್ರಿ ಇದ್ದಂತೆ. ಶಾಸಕರ ಕೆಲಸವಾದರೋ ಹಲವು ರಾಜ್ಯಗಳಲ್ಲಿ ಪೂರ್ಣಾವಧಿಯದ್ದಲ್ಲ. ಒರೆಗನ್‌ನಲ್ಲಿ ಮೊದಲು ಎರಡು ವರ್ಷಕ್ಕೊಮ್ಮೆ ಕೆಲವು ತಿಂಗಳು ಅಧಿವೇಶನ, ಉಳಿದಂತೆ ರೈತ ಹೊಲಕ್ಕೆ, ವಕೀಲ ಕೋರ್ಟಿಗೆ, ಡಾಕ್ಟರು ದವಾಖಾನೆಗೆ. ಹೀಗಾಗಿ ಸ್ಟೆತಾಸ್ಕೋಪ್ ಕೆಳಗಿಡದೆಯೇ ರಾಜಕೀಯ ಮಾಡಿದವರು ಅಲ್ಲಿ ಸಿಗುತ್ತಾರೆ. ವರ್ಮಾಂಟ್ ರಾಜ್ಯದ ಹೊವಾರ್ಡ್ ಡೀನ್ ಫಿಸಿಶಿಯನ್. ಹೆಂಡತಿಯೂ ಡಾಕ್ಟರು, ಇಬ್ಬರದೂ ಒಂದೇ ಕ್ಲಿನಿಕ್. ಅವರು ಉಪ ಗವರ್ನರ್ ಆಗಿದ್ದಾಗಲೂ ಪ್ರಾಕ್ಟೀಸ್ ಬಿಟ್ಟಿರಲಿಲ್ಲ. 1991ರ ಆಗಸ್ಟ್ 14ರಂದು ಗವರ್ನರ್ ರಿಚರ್ಡ್ ಸ್ನೆಲಿಂಗ್ ಹಠಾತ್ತನೆ ತೀರಿಕೊಂಡ ಸುದ್ದಿ ಬಂದಾಗ ಡೀನ್ ಒಬ್ಬ ರೋಗಿಯನ್ನು ನೋಡುತ್ತಿದ್ದರು. ಆ ಪರೀಕ್ಷೆ ಮುಗಿಸಿಯೇ ಗವರ್ನರ್ ಆಗಲು ಹೊರಟರಂತೆ. ನಮ್ಮ ವೃತ್ತಿಯವರು ಮೆಚ್ಚುವ ಕಥೆ ಇದು. ಮುಂದೆ ಅವರ ಕಾಲದಲ್ಲಿ ಮಕ್ಕಳ ಆರೋಗ್ಯ ವಿಮೆ, 'ಡಾಕ್ಟರ್ ಡೈನಸಾರ್' ಎಂಬ ಮುದ್ದು ಹೆಸರಿನದು, ಇನ್ನಷ್ಟು ಮನೆಗಳಿಗೆ ತಲುಪಿತು.

ನನ್ನನ್ನು ಕಾಡಿದ್ದು ಡೀನ್ ಅಲ್ಲ, ಒರೆಗನ್‌ನ ಜಾನ್ ಕಿಟ್ಜ್‌ಹಾಬರ್.

ರೋಸ್‌ಬರ್ಗ್ ಎಂಬುದು ಆ ರಾಜ್ಯದ ದಕ್ಷಿಣಕ್ಕಿರುವ ಮರದ ವ್ಯಾಪಾರದ ಊರು. ಅಲ್ಲಿಯ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಕಿಟ್ಜ್‌ಹಾಬರ್ ಡಾಕ್ಟರು. 1978ರಲ್ಲಿ ಶಾಸಕರಾದರು, ಆಮೇಲೆ ರಾಜ್ಯದ ಸೆನೆಟರ್, 1985ರಿಂದ ಸೆನೆಟ್ಟಿನ ಅಧ್ಯಕ್ಷ. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆಯ ದುಡ್ಡು ಕಡಿಮೆ ಬಿದ್ದಾಗ ಸರ್ಕಾರ ಏನು ಮಾಡುತ್ತಿತ್ತು ಎಂದರೆ, ಚಿಕಿತ್ಸೆ ಕಡಿಮೆ ಮಾಡುತ್ತಿರಲಿಲ್ಲ, ಜನರನ್ನೇ ಪಟ್ಟಿಯಿಂದ ಕೈಬಿಡುತ್ತಿತ್ತು. ಹಾಗೆ ಕೈಬಿಟ್ಟವರು ಎಲ್ಲಿಗೆ ಹೋಗುತ್ತಾರೆ? ರೋಗ ಉಲ್ಬಣಿಸಿದ ಮೇಲೆ ಎಮರ್ಜೆನ್ಸಿಗೆ ಬರುತ್ತಾರೆ. ಸೇಲಂನಲ್ಲಿ ಕೈ ಎತ್ತಿ ಮಾಡಿದ ತೀರ್ಮಾನ ರೋಸ್‌ಬರ್ಗಿನಲ್ಲಿ ಸ್ಟ್ರೆಚರ್ ಮೇಲೆ ಬರುವುದನ್ನು ಅವರು ನೋಡಿದರು.

1987ರಲ್ಲಿ ಒರೆಗನ್ ಶಾಸನಸಭೆ, ಮೆಡಿಕೇಡ್‌ನಿಂದ ಅಂಗಾಂಗ ಕಸಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಲೆಕ್ಕ ಹೀಗಿತ್ತು: ಕಸಿ ಬೇಕಾಗುವವರು ಸುಮಾರು 30 ಜನ, ಅದೇ ದುಡ್ಡಿನಲ್ಲಿ ಸುಮಾರು 1500 ಬಡ ಗರ್ಭಿಣಿಯರ ಆರೈಕೆ ಮಾಡಬಹುದು. ಕಾಗದದ ಮೇಲೆ ತಕರಾರು ಮಾಡುವಂಥದ್ದೇನೂ ಇಲ್ಲ. ಆ ಚಳಿಗಾಲದಲ್ಲೇ ಲ್ಯುಕೇಮಿಯಾ ಆದ ಏಳು ವರ್ಷದ ಹುಡುಗನೊಬ್ಬನಿಗೆ ಅಸ್ಥಿಮಜ್ಜೆಯ ಕಸಿ ಬೇಕಾಯಿತು. ಖರ್ಚು ಒಂದು ಲಕ್ಷ ಡಾಲರ್. ಮನೆಯವರು ಚಂದಾ ಎತ್ತಲು ಹೊರಟರು, ಟಿವಿಯಲ್ಲಿ ಮಗುವಿನ ಮುಖ ಬಂತು, ಊರೂರಿನವರು ಕೊಟ್ಟರು. ದುಡ್ಡು ಪೂರ್ತಿ ಕೂಡುವ ಮೊದಲೇ, ಡಿಸೆಂಬರ್‌ನಲ್ಲಿ ಹುಡುಗ ತೀರಿಕೊಂಡ.

ರಾಜ್ಯವೆಲ್ಲ ಕೆರಳಿತು. ಇನ್ನೂ ಕಾಯುತ್ತಿದ್ದ ಕೆಲವರಿಗಾದರೂ ಕಸಿಯ ದುಡ್ಡು ಬಿಡುಗಡೆ ಮಾಡಿ ಎಂಬ ಪ್ರಸ್ತಾಪ 1988ರ ಆರಂಭದಲ್ಲಿ ಬಂತು. ಅದಕ್ಕೆ ಅಡ್ಡ ನಿಂತವರು ಸೆನೆಟ್ ಅಧ್ಯಕ್ಷ, ಡಾ. ಕಿಟ್ಜ್‌ಹಾಬರ್. ಅವರ ವಾದ: ಟಿವಿಯಲ್ಲಿ ಮುಖ ಕಂಡವರಿಗೆ ಕೊಟ್ಟು, ಕಾಣದವರಿಗೆ ಇಲ್ಲ ಎನ್ನುವುದು ನೀತಿಯಲ್ಲ. ಹೊಸದಾಗಿ ದುಡ್ಡು ಹಾಕುವುದಿದ್ದರೆ ಯಾವುದಕ್ಕೆ ಮೊದಲು ಹಾಕಬೇಕು ಎಂದು ಎಲ್ಲರೆದುರು ಕೂತು ಗೊತ್ತುಮಾಡೋಣ. ಪ್ರಸ್ತಾಪ ಬಿತ್ತು.

ಇದನ್ನು ಓದಿದ ದಿನ ನಾನು ಪುಸ್ತಕ ಅಲ್ಲೇ ಮಡಚಿ ಎದ್ದೆ. ಮೊದಲು ಬಂದದ್ದು ಸಿಟ್ಟು. ಏಳು ವರ್ಷದ ಮಗು ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ಅಂಥದ್ದರಲ್ಲಿ ಒಬ್ಬ ಡಾಕ್ಟರು ಹೀಗೆ ಮಾತಾಡಬಹುದೆ? ಆಮೇಲೆ, ಲೈಬ್ರರಿಯಿಂದ ಮನೆಗೆ ನಡೆಯುವಾಗ, ಸಿಟ್ಟು ಬೇರೆ ಕಡೆ ತಿರುಗಿತು. ಏಕೆಂದರೆ ಅದರ ಎರಡು ವರ್ಷದ ಹಿಂದೆ ಅಂಥದೇ ಮೇಜಿನ ಮುಂದೆ ನಾನೂ ಕೂತಿದ್ದೆ.

ನಮ್ಮ ಭಾಗದ ಒಂದು ಸಣ್ಣ ಕನ್ನಡ ಸಂಘಕ್ಕೆ ವೈದ್ಯಕೀಯ ನೆರವಿನ ನಿಧಿ ಇದೆ. ಓದುಗರಲ್ಲಿ ಹಲವರು ಇಂಥ ಸಂಘಗಳಲ್ಲಿ ದುಡಿದವರೇ, ಹೆಚ್ಚು ವಿವರಿಸಬೇಕಿಲ್ಲ. ಯಕ್ಷಗಾನ ಆಡಿಸಿ, ಸ್ಮರಣಸಂಚಿಕೆಗೆ ಜಾಹೀರಾತು ಎತ್ತಿ, ಹೋಟೆಲಿನವರ, ಬ್ಯಾಂಕಿನವರ ಕೈಕಾಲು ಹಿಡಿದು ಕೂಡಿಸಿದ ದುಡ್ಡು. 2017ರಲ್ಲಿ ಹಂಚಲು ಇದ್ದದ್ದು ನಾಲ್ಕು ಲಕ್ಷ. ಬಂದ ಅರ್ಜಿ ಮೂವತ್ತೆಂಟು. ಸಮಿತಿಯಲ್ಲಿ ಐವರು, ಡಾಕ್ಟರು ನಾನೊಬ್ಬಳೇ. ಹೀಗಾಗಿ ಪ್ರತಿ ಅರ್ಜಿಗೂ ನಾಲ್ಕು ಮುಖ ನನ್ನ ಕಡೆ ತಿರುಗುತ್ತಿದ್ದವು: "ನೀವು ಹೇಳಿ ಡಾಕ್ಟ್ರೇ."

ಅರ್ಜಿಗಳಲ್ಲಿ ಹನ್ನೊಂದು ಡಯಾಲಿಸಿಸ್‌ನವು. ಒಂದು, ಹೋಟೆಲಿನಲ್ಲಿ ಭಟ್ಟರಾಗಿದ್ದ ಕುಂದಾಪುರದ ಕಡೆಯವರೊಬ್ಬರ ಮಗನದು. ಹುಡುಗನಿಗೆ ಒಂಬತ್ತು ವರ್ಷ, ಅಸ್ಥಿಮಜ್ಜೆಯ ಕಸಿ, ಅಂದಾಜು ಹದಿನಾರು ಲಕ್ಷ. ನಾಲ್ಕು ಲಕ್ಷವನ್ನೂ ಅವನಿಗೇ ಕೊಟ್ಟರೂ ಕಾಲುಭಾಗ. ಹನ್ನೊಂದು ಜನರಿಗೆ ಹಂಚಿದರೆ ಪ್ರತಿಯೊಬ್ಬರಿಗೂ ಕೆಲವು ತಿಂಗಳ ಉಸಿರು. ಸಮಿತಿಯ ಹಿರಿಯರೊಬ್ಬರು, "ಮಗು ಅಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಆ ಹನ್ನೊಂದು ಜನರ ಪೈಕಿ ಇಬ್ಬರಿಗೆ ಸ್ಕೂಲಿಗೆ ಹೋಗುವ ಮಕ್ಕಳಿದ್ದರು. ಅದು ಅರ್ಜಿಯ ಎರಡನೇ ಪುಟದಲ್ಲಿತ್ತು, ಫೋಟೋ ಇರಲಿಲ್ಲ. ಹುಡುಗನ ಅರ್ಜಿಗೆ ಫೋಟೋ ಪಿನ್ ಮಾಡಿದ್ದರು. ಡಯಾಲಿಸಿಸ್‌ಗೆ ಹೆಚ್ಚಿನ ಪಾಲು, ಹುಡುಗನಿಗೆ ಇಪ್ಪತ್ತೈದು ಸಾವಿರ ಎಂದು ನಾನು ಹೇಳಿದೆ. ಹಾಗೆಯೇ ಆಯಿತು.

ಕಿಟ್ಜ್‌ಹಾಬರ್‌ಗೂ ನನಗೂ ಇರುವ ಒಂದು ವ್ಯತ್ಯಾಸ ಅಂದರೆ, ಒಂದು ವಾರದ ನಂತರ ಆ ತಂದೆ ನನ್ನ ಕ್ಲಿನಿಕ್ಕಿಗೆ ಬಂದರು. ವರ್ಷಗಳಿಂದ ಬಿ.ಪಿ. ತೋರಿಸಲು ಬರುತ್ತಿದ್ದವರು. ತೋಳು ಮಡಚಿ ಕೈ ಚಾಚಿದರು. 170 ಇತ್ತು. "ರಾತ್ರಿ ನಿದ್ರಿ ಬತ್ತಿಲ್ಲೆ, ಡಾಕ್ಟ್ರೇ" ಎಂದರು. ಅರ್ಜಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗುಳಿಗೆ ಬದಲಿಸಿ ಬರೆದುಕೊಟ್ಟೆ. ಮುಂಬೈಯಲ್ಲಿ ಟ್ರಸ್ಟುಗಳಿಗೆ ಬರವಿಲ್ಲ. ದೇವಸ್ಥಾನದ್ದು, ಪಾರ್ಸಿಗಳದ್ದು, ಗುಜರಾತಿಗಳದ್ದು ಎಂದು ಅಲೆದು ಅವರು ದುಡ್ಡು ಕೂಡಿಸಿದರು. ಹುಡುಗ ಬದುಕಿದ್ದಾನೆ, ಕಾಲೇಜಿಗೆ ಹೋಗುವ ವಯಸ್ಸಾಯಿತು. ಆತ ಬದುಕಿದ ಎಂಬುದರಿಂದ ನಮ್ಮ ಸಮಿತಿಯ ಲೆಕ್ಕ ಸರಿಯೂ ಆಗುವುದಿಲ್ಲ, ತಪ್ಪೂ ಆಗುವುದಿಲ್ಲ. ನನಗೆ ಕಿರಿಕಿರಿ ಮಾಡಿದ್ದು ಬೇರೆ ವಿಷಯ: ಹತ್ತು ನಿಮಿಷದಲ್ಲಿ, ಒಬ್ಬ ಡಾಕ್ಟರಿನ ಬಾಯಿಮಾತಿನ ಮೇಲೆ, ಬಾಗಿಲು ಹಾಕಿಕೊಂಡು ಮಾಡಿದ ತೀರ್ಮಾನ ಅದು. ಕೇಳಿದರೆ ತೋರಿಸಲು ಒಂದು ಹಾಳೆಯೂ ಇರಲಿಲ್ಲ.

ಕಿಟ್ಜ್‌ಹಾಬರ್ ಮಾಡಿದ್ದು ಆ ಹಾಳೆಯನ್ನು. 1989ರಲ್ಲಿ ಅವರ ಮುಂದಾಳತ್ವದಲ್ಲಿ ಕಾನೂನು ಬಂತು. ಬಡತನದ ರೇಖೆಯ ಕೆಳಗಿರುವ ಎಲ್ಲರಿಗೂ ವಿಮೆ. ಆದರೆ ಎಲ್ಲ ಚಿಕಿತ್ಸೆಗೂ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡಲು ಹನ್ನೊಂದು ಜನರ ಆಯೋಗ: ಐವರು ಡಾಕ್ಟರು, ಒಬ್ಬ ನರ್ಸ್, ಒಬ್ಬ ಸಮಾಜ ಕಾರ್ಯಕರ್ತ, ನಾಲ್ವರು ಸಾಮಾನ್ಯ ಜನ. ಅಂದರೆ ಡಾಕ್ಟರುಗಳಿಗೆ ಬಹುಮತವಿಲ್ಲ. ಒಬ್ಬ ಡಾಕ್ಟರೇ ತಂದ ಕಾನೂನಿನಲ್ಲಿ ಇದನ್ನು ಕಂಡು ನನಗೆ ಖುಷಿಯಾಯಿತು. ರಾಜ್ಯದ ಊರೂರುಗಳಲ್ಲಿ 47 ಸಭೆ ನಡೆದವು, ಸಾವಿರ ಜನರಿಗೆ ಫೋನು ಮಾಡಿ ಕೇಳಿದರು. ಪಟ್ಟಿ ತಯಾರಾದ ಮೇಲೆ ಶಾಸಕರಿಗೆ ಒಂದೇ ಅಧಿಕಾರ: ಇರುವ ದುಡ್ಡಿಗೆ ಎಲ್ಲಿಯವರೆಗೆ ಸಾಲುತ್ತದೋ ಅಲ್ಲಿ ಒಂದು ಗೆರೆ ಎಳೆಯುವುದು. ಪಟ್ಟಿಯ ಕ್ರಮವನ್ನು ಮುಟ್ಟುವಂತಿಲ್ಲ. ತಮ್ಮ ಕ್ಷೇತ್ರದ ಒಂದು ಮಗುವಿನ ಫೋಟೋ ತಂದು ಕಣ್ಣೀರು ಹಾಕಿ ಒಂದು ಸಾಲನ್ನು ಮೇಲೆತ್ತುವಂತಿಲ್ಲ.

ಮೊದಲ ಪಟ್ಟಿ ನಗೆಪಾಟಲಾಯಿತು. 1990ರಲ್ಲಿ ಕಂಪ್ಯೂಟರಿಗೆ ಖರ್ಚು, ಲಾಭ ಎಲ್ಲ ಊಡಿಸಿ ತೆಗೆದ ಪಟ್ಟಿಯಲ್ಲಿ ಹಲ್ಲಿಗೆ ಕ್ಯಾಪ್ ಹಾಕುವುದು ಅಪೆಂಡಿಸೈಟಿಸ್ ಆಪರೇಶನ್ನಿಗಿಂತ ಮೇಲಿತ್ತು! ಗರ್ಭನಾಳದಲ್ಲಿ ಭ್ರೂಣ ನಿಂತು ಹೆಂಗಸಿನ ಜೀವಕ್ಕೇ ಕುತ್ತು ಬರುವ ಸ್ಥಿತಿಯ ಶಸ್ತ್ರಕ್ರಿಯೆಗಿಂತಲೂ ಮೇಲೆ. ಹೌಸ್‌ಮನ್ ಡಾಕ್ಟರಿಗೂ ಗೊತ್ತಾಗುವ ತಪ್ಪು. ಖರ್ಚು ಕಡಿಮೆಯಾದದ್ದೆಲ್ಲ ಮೇಲೆ ಹೋಗಿ ಕೂತಿತ್ತು. ಆಯೋಗದವರು ಅದನ್ನು ಬದಿಗಿಟ್ಟು ಹೊಸದಾಗಿ ಮಾಡಿದರು. ಜೀವ ಉಳಿಸುವಂಥವು, ಬಾಣಂತಿ-ಮಗುವಿನ ಆರೈಕೆ ಮೇಲೆ, ತಾನಾಗಿ ವಾಸಿಯಾಗುವಂಥವು ಕೆಳಗೆ. ಕೊನೆಗೆ ಬಂದದ್ದು 709 ಸಾಲಿನ ಪಟ್ಟಿ; 1991ರಲ್ಲಿ ಶಾಸನಸಭೆ 587ರ ಕೆಳಗೆ ಗೆರೆ ಎಳೆಯಿತು. ಹಲವು ಬಗೆಯ ಅಂಗಾಂಗ ಕಸಿ ಗೆರೆಯ ಮೇಲೇ ಇದ್ದವು. 1992ರಲ್ಲಿ ಕೇಂದ್ರ ಸರ್ಕಾರ, ಇದರಿಂದ ಅಂಗವಿಕಲರಿಗೆ ಅನ್ಯಾಯವಾಗುತ್ತದೆ ಎಂದು ತಿರಸ್ಕರಿಸಿತು. ತಿದ್ದಿ ಕಳಿಸಿದ ಮೇಲೆ 1993ರಲ್ಲಿ ಒಪ್ಪಿಗೆ ಸಿಕ್ಕಿತು, 1994ರ ಫೆಬ್ರವರಿಯಲ್ಲಿ ಜಾರಿಯಾಯಿತು. ಒಂದು ಲಕ್ಷಕ್ಕೂ ಹೆಚ್ಚು ಹೊಸಬರಿಗೆ ವಿಮೆ ಸಿಕ್ಕಿತು. ಮರುವರ್ಷ ಕಿಟ್ಜ್‌ಹಾಬರ್ ಗವರ್ನರ್ ಆದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಿತ್ತು. 2003ರಲ್ಲಿ ಅವರ ಎರಡನೇ ಅವಧಿ ಮುಗಿಯುವ ಹೊತ್ತಿಗೆ ರಾಜ್ಯದ ಖಜಾನೆ ಸೊರಗಿತ್ತು. ಗೆರೆಯನ್ನು ಮೇಲೆ ಸರಿಸುತ್ತಾ ಹೋಗುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಬದಲಿಗೆ ಕಂತು ಹಾಕಿದರು, ಬಡವರಿಗೆ ಅದನ್ನು ಕಟ್ಟಲಾಗಲಿಲ್ಲ, ಜನ ಪಟ್ಟಿಯಿಂದ ಬಿದ್ದುಹೋದರು. ಯಾವುದನ್ನು ತಡೆಯಲು ಇಷ್ಟೆಲ್ಲ ಮಾಡಿದ್ದರೋ ಅದೇ. 2008ರಲ್ಲಿ ಸುಮಾರು 10,000 ಜಾಗ ಖಾಲಿಯಾದಾಗ ಹೆಸರು ಕೊಟ್ಟವರು 90,000 ಜನ. ಆಗ ಸರ್ಕಾರ ಏನು ಮಾಡಿತು ಗೊತ್ತೆ? ಲಾಟರಿ ಎತ್ತಿತು. ನಮ್ಮಲ್ಲಿ ಮ್ಹಾಡಾ ಮನೆಗಳಿಗೆ ಎತ್ತುತ್ತಾರಲ್ಲ, ಹಾಗೆ. ಕಿಟ್ಜ್‌ಹಾಬರ್ 2011ರಲ್ಲಿ ಮತ್ತೆ ಗವರ್ನರ್ ಆಗಿ ಬಂದರು. 2015ರ ಫೆಬ್ರವರಿಯಲ್ಲಿ, ಜೊತೆಗಾತಿಯ ಸಲಹಾ ವ್ಯವಹಾರಕ್ಕೂ ಸರ್ಕಾರದ ಕೆಲಸಕ್ಕೂ ಗಂಟುಬಿದ್ದಿದೆ ಎಂಬ ಆಪಾದನೆಯ ನಡುವೆ ರಾಜೀನಾಮೆ ಕೊಟ್ಟು ಹೋಗಬೇಕಾಯಿತು. ನಾನಿದ್ದ ಮನೆಯ ಪಕ್ಕದವರಿಗೆ ಅವರ ಹೆಸರು ಹೇಳಿದರೆ ನೆನಪಾಗುತ್ತಿದ್ದದ್ದು ಇದೇ, 709 ಸಾಲುಗಳಲ್ಲ.

ಈ ಓದಿನ ನಡುವೆಯೇ ಸೇಲಂನಲ್ಲಿ ಇನ್ನೊಬ್ಬ ಡಾಕ್ಟರಿನ ಕಥೆ ನಮ್ಮ ಮನೆಯ ತನಕ ಬಂತು. ನಾನು ಹೋದಾಗ ಪೋರ್ಟ್‌ಲೆಂಡಿನ ನದಿಯಾಚೆ, ವಾಷಿಂಗ್ಟನ್ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ದಡಾರ ಹಬ್ಬಿತ್ತು, 71 ಪ್ರಕರಣ. ನಮ್ಮಲ್ಲಿ ಒಂಬತ್ತು ತಿಂಗಳಿಗೆ ಹಾಕುವ ಲಸಿಕೆ ಅಲ್ಲಿ ಹನ್ನೆರಡಕ್ಕೆ. ತೊಟ್ಟಿಲಲ್ಲಿ ಹಸುಗೂಸು. ಮೂವತ್ತು ವರ್ಷ ದಡಾರದ ಮಕ್ಕಳನ್ನು ನೋಡಿದ ನಾನು ಮಗಳಿಗೆ, ಅಂಗಡಿಗೆ ಮಗುವನ್ನು ಒಯ್ಯಬೇಡ ಎಂದು ತಾಕೀತು ಮಾಡುತ್ತಿದ್ದೆ. ನಂಬಿಕೆಯ ನೆಪದಲ್ಲಿ ಲಸಿಕೆ ತಪ್ಪಿಸುವ ಅವಕಾಶವನ್ನು ತೆಗೆದುಹಾಕುವ ಮಸೂದೆ ಒರೆಗನ್‌ನಲ್ಲೂ ಬಂತು. ಅದರ ಬೆನ್ನಿಗಿದ್ದವರಲ್ಲಿ ಒಬ್ಬರು ಸೆನೆಟರ್ ಎಲಿಜಬೆತ್ ಸ್ಟೈನರ್ ಹೇವರ್ಡ್, ನನ್ನ ಹಾಗೆ ಫ್ಯಾಮಿಲಿ ಡಾಕ್ಟರು. 2015ರಲ್ಲೂ ಪ್ರಯತ್ನಿಸಿ ಸೋತವರು. ಈ ಸಲ ಸದನದಲ್ಲಿ ಬೆಂಬಲವಿತ್ತು. ಮೇ ತಿಂಗಳಲ್ಲಿ, ಶಾಲೆಗಳಿಗಾಗಿ ಹಾಕಲಿದ್ದ ಹೊಸ ತೆರಿಗೆಯನ್ನು ವಿರೋಧಿಸಿ ರಿಪಬ್ಲಿಕನ್ ಸೆನೆಟರುಗಳು ಸದನಕ್ಕೇ ಬಾರದೆ ಕೋರಂ ತಪ್ಪಿಸಿದರು. ಅವರನ್ನು ವಾಪಸು ತರಲು ಮಾಡಿಕೊಂಡ ಒಪ್ಪಂದದಲ್ಲಿ ಲಸಿಕೆಯ ಮಸೂದೆಯನ್ನು ಕೈಬಿಟ್ಟರು. ಶಾಲೆಗೆ ದುಡ್ಡು ಬಂತು, ಶಾಲೆಗೆ ಹೋಗುವ ಮಕ್ಕಳ ಲಸಿಕೆ ಹೋಯಿತು. ಅದೇ ತಿಂಗಳು ನದಿಯಾಚೆಯ ರಾಜ್ಯದಲ್ಲಿ, ದಡಾರದ ಲಸಿಕೆ ತಪ್ಪಿಸುವ ಅವಕಾಶವನ್ನು ಬಿಗಿಗೊಳಿಸುವ ಕಾನೂನಿಗೆ ಸಹಿ ಬಿತ್ತು. ಒಂದು ಸೇತುವೆ ದಾಟಿದರೆ ಕಾನೂನು ಬೇರೆ! "ಇದಕ್ಕೇನಂತೀ ಅವ್ವಾ?" ಎಂದು ಮಗಳು ಕೇಳಿದಳು. ಔಷಧಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಕ್ಯಾಲಿಫೋರ್ನಿಯಾದ ಸೆನೆಟರ್ ರಿಚರ್ಡ್ ಪ್ಯಾನ್ ಮಕ್ಕಳ ಡಾಕ್ಟರು. ಡಿಸ್ನಿಲ್ಯಾಂಡಿನಿಂದ ಹಬ್ಬಿದ ದಡಾರದ ಮೇಲೆ 2015ರಲ್ಲಿ ಅವರು ಆ ಕಾನೂನನ್ನು ಗೆದ್ದುಕೊಂಡಿದ್ದರು. ಒಂದನೇ ತರಗತಿಗೆ ಮೊದಲಿನ ಮಕ್ಕಳಲ್ಲಿ ಲಸಿಕೆ ಪೂರ್ತಿಯಾದವರು ನೂರಕ್ಕೆ 90ರಿಂದ 95ರ ಮೇಲೆ ಹೋದರು. ಆದರೆ ವೈದ್ಯಕೀಯ ಕಾರಣದ ವಿನಾಯಿತಿಗಳೂ ಮೂರು ಪಟ್ಟಿಗೆ ಮಿಕ್ಕಿ ಏರಿದವು. ಚೀಟಿ ಬರೆದುಕೊಟ್ಟವರು ಯಾರು? ನಮ್ಮವರೇ, ಡಾಕ್ಟರುಗಳು. 2019ರಲ್ಲಿ ಪ್ಯಾನ್ ತಮ್ಮ ವೃತ್ತಿಯವರ ಚೀಟಿಗಳನ್ನೇ ತಪಾಸಣೆಗೆ ಒಡ್ಡುವ ಕಾನೂನು ತಂದರು: ವರ್ಷಕ್ಕೆ ಐದು ಅಥವಾ ಹೆಚ್ಚು ವಿನಾಯಿತಿ ಬರೆದ ಡಾಕ್ಟರಿನ ಚೀಟಿಗಳನ್ನು ಸರ್ಕಾರ ನೋಡಬಹುದು. ಮದುವೆಗೆ ಹೋಗಿ ಬಂದು ಜ್ವರದ ಸರ್ಟಿಫಿಕೇಟ್ ಕೇಳುವವರನ್ನು ವಾರಕ್ಕೆ ನಾಲ್ವರನ್ನಾದರೂ ನೋಡುವ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಆಗಸ್ಟ್‌ನಲ್ಲಿ ಅವರನ್ನು ಬೀದಿಯಲ್ಲಿ ಒಬ್ಬ ಹಿಂದಿನಿಂದ ನೂಕಿದ. ಸೆಪ್ಟೆಂಬರ್‌ನಲ್ಲಿ, ನಾನು ಸೂಟ್‌ಕೇಸ್ ಕಟ್ಟುತ್ತಿದ್ದ ದಿನಗಳಲ್ಲಿ, ಸೆನೆಟ್ಟಿನ ಗ್ಯಾಲರಿಯಿಂದ ಒಬ್ಬಳು ಕೆಂಪು ದ್ರವ ಎಸೆದಳು. ಕ್ಲಿನಿಕ್ಕಿನಲ್ಲಿ ಕೂತಿದ್ದರೆ ಅದೇ ತಾಯಂದಿರು ಆ ಡಾಕ್ಟರಿಗೆ ದೀಪಾವಳಿಗೆ ಮಿಠಾಯಿ ತಂದುಕೊಡುವವರು, ಅಲ್ಲಿಯ ಲೆಕ್ಕದಲ್ಲಿ ಕ್ರಿಸ್‌ಮಸ್‌ಗೆ.

ಮುಂಬೈಗೆ ಮರಳಿದ ಮೇಲೆ ನಿಧಿಯ ಸಮಿತಿಯಲ್ಲಿ ಒರೆಗನ್ ಕಥೆ ಹೇಳಿದೆ. ಕೋವಿಡ್ ಬಂದು ಎಲ್ಲ ನಿಂತಿತು, ಮತ್ತೆ ಶುರುವಾದದ್ದು 2022ರಲ್ಲಿ. ಈಗ ಅರ್ಜಿ ಕರೆಯುವ ಮೊದಲೇ ಕ್ರಮ ಬರೆದು ಸಂಘದ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ನಮ್ಮದು 709 ಸಾಲಲ್ಲ, ಒಂಬತ್ತೇ. ಅರ್ಜಿಯ ಜೊತೆ ಫೋಟೋ ಬೇಡ ಎಂದೆವು. ಇದಕ್ಕೆ ಇಬ್ಬರ ವಿರೋಧವಿತ್ತು, ಈಗಲೂ ಇದೆ. ಸಮಿತಿಗೆ ಹೊಸಬರಾಗಿ, ಗಂಡನನ್ನು ಆರು ವರ್ಷ ಡಯಾಲಿಸಿಸ್‌ಗೆ ಕರೆದೊಯ್ದ ಒಬ್ಬ ಹೆಂಗಸನ್ನು ಸೇರಿಸಿಕೊಂಡೆವು. ಮೊದಲ ಸಭೆಯಲ್ಲಿ ಆಕೆ ನಮ್ಮ ಒಂಬತ್ತು ಸಾಲನ್ನೂ ಓದಿ, "ಆಸ್ಪತ್ರೆಗೆ ಹೋಗಿ ಬರೋ ರಿಕ್ಷಾ ಖರ್ಚು ಎಲ್ಲಿದೆ? ವಾರಕ್ಕೆ ಮೂರು ಸಲ, ಲೋಕಲ್ ಹತ್ತೋಕಾಗಲ್ಲ ಅವರಿಗೆ" ಎಂದು ಕೇಳಿದರು. ಎಷ್ಟೋ ಡಯಾಲಿಸಿಸ್ ರೋಗಿಗಳಿಗೆ ಚೀಟಿ ಬರೆದ ನನಗೆ ಅದು ಪಟ್ಟಿಗೆ ಸೇರಬೇಕಾದ ಖರ್ಚು ಎಂದು ಯಾರೂ ಹೇಳಿರಲಿಲ್ಲ. ರಿಕ್ಷಾ ಖರ್ಚು ಈಗ ನಾಲ್ಕನೇ ಸಾಲಿನಲ್ಲಿದೆ. ಕಳೆದ ವರ್ಷ ದುಡ್ಡು ಆರನೆಯದರ ತನಕ ಸಾಲಿತು.